ಗಿಡಮರದ ಆರೋಗ್ಯ ನೋಡುವ ಕೆಲಸ: ಮಲೆನಾಡಿನ ತೋಟಗಳಲ್ಲಿ ಶುರು ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಸಾರ್, ಡಿಪ್ಲೊಮಾ ಆಯ್ತು, ಟ್ರೈನಿಂಗ್ ಆಯ್ತು. ನಾಲ್ಕು ತೋಟ ಹಿಡಿದಿದ್ದೆ, ಮೂರು ಕೈಬಿಟ್ಟು ಹೋಯ್ತು. ಎಲ್ಲಿ ತಪ್ಪಿದೆ?" ಹೆಚ್ಚುಕಡಿಮೆ ಎಲ್ಲರೂ ಒಂದೇ ಜಾಗದಲ್ಲಿ ಎಡವಿರುತ್ತಾರೆ. ಗೇಟು ದಾಟುತ್ತಿದ್ದಂತೆ ಒಂದು ಎಲೆ ಕಿತ್ತು, ತಿರುಗಿಸಿ ನೋಡಿ, ಔಷಧಿ ಹೆಸರು ಹೇಳಿಬಿಟ್ಟಿರುತ್ತಾರೆ. ಔಷಧಿ ಹೊಡೆದಾಯಿತು, ಗಿಡ ಸುಧಾರಿಸಲಿಲ್ಲ, ಮತ್ತೆ ಯಾರೂ ಕರೆಯಲಿಲ್ಲ. ಅಷ್ಟೇ ಕತೆ.

ಓದು ಕಮ್ಮಿಯಾಗಿ ಸೋತವರನ್ನು ನಾನು ಜಾಸ್ತಿ ನೋಡಿಲ್ಲ. ಕ್ರಮ ತಪ್ಪಿ ಸೋತವರೇ ಬಹಳ. ಅದಕ್ಕೇ ಇಲ್ಲಿ ಕ್ರಮವನ್ನೇ ಹಿಡಿದು ಹೇಳುತ್ತೇನೆ. ಉದಾಹರಣೆಗಳೆಲ್ಲ ಚಿಕ್ಕಮಗಳೂರು, ಹಾಸನ ಜಿಲ್ಲೆಯ ತೋಟಗಳವು.

## ಹಂತ 1: ಸೀಮೆ ಗೊತ್ತುಮಾಡಿಕೊಳ್ಳಿ

ಹಾಸನ ಒಂದೇ ಜಿಲ್ಲೆಯಾದರೂ ಬೆಳೆ ಲೆಕ್ಕದಲ್ಲಿ ಎರಡು. ಸಕಲೇಶಪುರ, ಆಲೂರು, ಬೇಲೂರಿನ ಮಲೆನಾಡು ಭಾಗದಲ್ಲಿ ಕಾಫಿ, ಮೆಣಸು, ಏಲಕ್ಕಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗು. ನಡುವೆ ಆಲೂಗಡ್ಡೆ, ಶುಂಠಿ. ಚಿಕ್ಕಮಗಳೂರಲ್ಲೂ ಹಾಗೇ. ಮೂಡಿಗೆರೆ, ಕೊಪ್ಪ, ಶೃಂಗೇರಿಯ ತೋಟಕ್ಕೂ ಕಡೂರಿನ ತೋಟಕ್ಕೂ ಸಂಬಂಧವೇ ಇಲ್ಲ.

ಮೊದಲ ವರ್ಷ ಎಲ್ಲವನ್ನೂ ನೋಡುತ್ತೇನೆ ಎಂದು ಹೊರಡಬೇಡಿ. ಮಲೆನಾಡು ಕಡೆಯವರಾದರೆ ಕಾಫಿ, ಮೆಣಸು, ನೆರಳಿನ ಮರ, ಈ ಮೂರು ಸಾಕು. ಮರದ ಕೆಳಗೆ ಕಾಫಿ, ಮರದ ಮೈಮೇಲೆ ಮೆಣಸಿನ ಬಳ್ಳಿ. ಒಂದಕ್ಕೆ ಏನಾದರೂ ಆದರೆ ಉಳಿದೆರಡಕ್ಕೂ ತಟ್ಟುತ್ತದೆ. ಬಯಲುಸೀಮೆ ಕಡೆಯವರು ತೆಂಗು ಹಿಡಿಯಿರಿ. ಕಪ್ಪುತಲೆ ಹುಳು, ರಸ ಸೋರುವ ರೋಗ, ಅಣಬೆ ರೋಗ ಇವುಗಳಲ್ಲೇ ಒಂದು ವರ್ಷದ ಕಲಿಕೆ ಇದೆ.

ಬೈಕಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರುವಷ್ಟು ದೂರದ ತೋಟ ಮಾತ್ರ ಒಪ್ಪಿಕೊಳ್ಳಿ. ಈ ಕೆಲಸದಲ್ಲಿ ಎರಡನೇ ಸಲ ಹೋಗಿ ನೋಡುವುದೇ ಮುಖ್ಯ. ದೂರವಾದರೆ ಎರಡನೇ ಸಲ ಹೋಗುವುದೇ ಇಲ್ಲ.

## ಹಂತ 2: ಓದು, ತರಬೇತಿ, ಲೈಸೆನ್ಸ್

ಹತ್ತನೇ ತರಗತಿ ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಪಿಯುಸಿ ವಿಜ್ಞಾನ ಆದವರು ಸಿಇಟಿ ಬರೆದು ನಾಲ್ಕು ವರ್ಷದ ಬಿಎಸ್ಸಿಗೆ ಸೇರಬಹುದು. ಹಾಸನದ ಹತ್ತಿರ ಕಾರೆಕೆರೆಯಲ್ಲಿ ಕೃಷಿ ಕಾಲೇಜು ಇದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ.

ಸ್ವಂತ ಕ್ಲಿನಿಕ್ ಥರ ಶುರು ಮಾಡುವ ಆಸೆ ಇದ್ದರೆ ಕೇಂದ್ರದ ಅಗ್ರಿ ಕ್ಲಿನಿಕ್ ಯೋಜನೆ ನೋಡಿ. 2002ರಿಂದ ನಡೆಯುತ್ತಿದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. 45 ದಿನದ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ ಸಬ್ಸಿಡಿ. ಕೃಷಿ, ತೋಟಗಾರಿಕೆ ಓದಿದವರಿಗೆ ಇದು.

ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಸಲಹೆ ಕೊಡುವುದು ಬೇರೆ, ಔಷಧಿ ಮಾರುವುದು ಬೇರೆ. ಕೀಟನಾಶಕ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಅದಕ್ಕೆ ಓದಿನ ಅರ್ಹತೆಯೂ ಬೇಕು. "ಅಂಗಡಿಯಿಂದ ತಂದು ಕೊಡ್ತೀನಿ ಬಿಡಿ" ಎಂದು ಬೈಕಿನ ಡಿಕ್ಕಿಯಲ್ಲಿ ಬಾಟಲಿ ಇಟ್ಟುಕೊಂಡು ಓಡಾಡುವ ಅಭ್ಯಾಸ ಮೊದಲ ದಿನದಿಂದಲೇ ಬೇಡ.

ಕಾಗದದ ಓದಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಒಂದು ಪೂರ್ತಿ ವರ್ಷ ಒಂದೇ ತೋಟದಲ್ಲಿ ರೈಟರ್ (ತೋಟದ ಲೆಕ್ಕ, ಕೆಲಸ ನೋಡುವವರು) ಆಗಿಯೋ ಸಹಾಯಕರಾಗಿಯೋ ಇರುವುದು. ಹೂಮಳೆಯಿಂದ (ಕಾಫಿ ಹೂ ಅರಳಿಸುವ ಬೇಸಗೆ ಮಳೆ) ಕೊಯ್ಲಿನವರೆಗೆ ಒಂದೇ ಗಿಡವನ್ನು ಹನ್ನೆರಡು ತಿಂಗಳು ನೋಡಿರದವರು ರೋಗದ ಗಿಡವನ್ನು ಗುರುತಿಸಲಾರರು. ಆರೋಗ್ಯದ ಗಿಡ ಜೂನ್‌ನಲ್ಲಿ ಹೇಗಿರುತ್ತದೆ, ಡಿಸೆಂಬರ್‌ನಲ್ಲಿ ಹೇಗಿರುತ್ತದೆ ಅಂತಲೇ ಗೊತ್ತಿರುವುದಿಲ್ಲ ನೋಡಿ.

## ಹಂತ 3: ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ. ಕಸಿ ಕತ್ತರಿ, ಚೂರಿ. ಬೇರು ಬಿಡಿಸಲು ಕೈಗುದ್ದಲಿ. ಹಳೆ ಪೇಪರು, ಕಾಗದದ ಕವರು, ಅಳಿಸಿಹೋಗದ ಮಾರ್ಕರ್. ಗಿಡಕ್ಕೆ ಗುರುತು ಕಟ್ಟಲು ಬಣ್ಣದ ಬಟ್ಟೆ ಚೂರು. ಅಳತೆ ಟೇಪು. ಒಂದು ಸಣ್ಣ ಬಾಟಲಿ ಸ್ಪಿರಿಟ್. ಗಮ್‌ಬೂಟು. ನೋಟ್‌ಬುಕ್. ಮಳೆಗಾಲದಲ್ಲಿ ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು.

ಸ್ಪಿರಿಟ್ ಯಾಕೆ ಅಂದರೆ, ಸೊರಗು ರೋಗದ ಬಳ್ಳಿ ಕತ್ತರಿಸಿದ ಕತ್ತರಿಯನ್ನು ಒರೆಸದೆ ಮುಂದಿನ ಬಳ್ಳಿಗೆ ಇಟ್ಟರೆ ರೋಗ ಹಂಚುವವರು ನೀವೇ. ಬೂಟಿನ ಮಣ್ಣೂ ಹಾಗೇ. ಮೆಣಸಿನ ಸೊರಗು ರೋಗ, ಶುಂಠಿಯ ಕೊಳೆ ಎರಡೂ ಮಣ್ಣು, ನೀರಿನ ಜೊತೆ ಹೋಗುತ್ತವೆ. ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ತೊಳೆಯಿರಿ. ರೋಗದ ತಾಕನ್ನು (ತೋಟದ ಆ ತುಂಡನ್ನು) ದಿನದ ಕೊನೆಗೆ ಇಟ್ಟುಕೊಳ್ಳಿ.

ಫೋನಿನ ಕ್ಯಾಮೆರಾ ಬೇಕು. ಫೋಟೋ ಹಾಕಿದರೆ ರೋಗ ಹೇಳುವ ಆ್ಯಪ್ ಬೇಡ. ಅದಕ್ಕೆ ಎಲೆ ಮಾತ್ರ ಕಾಣುತ್ತದೆ, ಬೇರು ಕಾಣುವುದಿಲ್ಲ.

## ಹಂತ 4: ತೋಟದಲ್ಲಿ ನೋಡುವ ಕ್ರಮ

ಎಲ್ಲರೂ ಕೆಡಿಸಿಕೊಳ್ಳುವ ಹಂತ ಇದೇ. ನಿಧಾನವಾಗಿ ಓದಿ.

ಮೊದಲು ಕೇಳಿ. ಯಾವಾಗಿನಿಂದ ಹೀಗಾಗಿದೆ? ಕಳೆದ ಆರು ತಿಂಗಳಲ್ಲಿ ಏನು ಗೊಬ್ಬರ, ಏನು ಔಷಧಿ? ಕಳೆನಾಶಕ ಹೊಡೆದಿದ್ದೀರಾ? ಸುಣ್ಣ ಹಾಕಿ ಎಷ್ಟು ವರ್ಷವಾಯಿತು? ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಯಾವಾಗ ಮಾಡಿಸಿದ್ದು? ಇದನ್ನೆಲ್ಲ ಮಾಲೀಕರಿಗೆ ಕೇಳಿ, ಆಮೇಲೆ ತೋಟದೊಳಗೆ ನಡೆಯುವಾಗ ಮೇಸ್ತ್ರಿಗೂ ಕೇಳಿ. ಉತ್ತರ ಎಷ್ಟೋ ಸಲ ಬೇರೆಬೇರೆ ಬರುತ್ತದೆ. ಡ್ರಮ್ಮಿಗೆ ನಿಜವಾಗಿ ಎಷ್ಟು ಔಷಧಿ ಬಿತ್ತು ಅಂತ ಗೊತ್ತಿರುವುದು ಅದನ್ನು ಕಲಸಿದವರಿಗೆ. ಮಾಲೀಕರ ಎದುರಿಗೇ ಕೇಳಿ ಅವರನ್ನು ಸಿಕ್ಕಿಸಬೇಡಿ.

ಆಮೇಲೆ ದೂರದಿಂದ ನೋಡಿ. ಒಳಗೆ ನುಗ್ಗುವ ಮುಂಚೆ ಎತ್ತರದ ಜಾಗದಲ್ಲಿ ನಿಂತು ತಾಕನ್ನು ನೋಡಿ. ಕೆಟ್ಟ ಗಿಡಗಳು ಹೇಗೆ ಹರಡಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಇಡೀ ತಾಕು ಒಂದೇ ಸಮ ಹಳದಿಯಾಗಿದ್ದರೆ ಮಣ್ಣು, ಗೊಬ್ಬರ, ನೀರಿನ ಕಡೆ ಯೋಚಿಸಿ. ಒಂದು ಜಾಗದಲ್ಲಿ ಶುರುವಾಗಿ ಇಳಿಜಾರಿನ ಕೆಳಗೆ ಹರಡಿದ್ದರೆ ನೀರಿನ ಜೊತೆ ಹೋಗುವ ಬೇರಿನ ರೋಗ. ರಸ್ತೆ ಪಕ್ಕದ ಅಥವಾ ಬೇಲಿ ಪಕ್ಕದ ಸಾಲು ಮಾತ್ರವೇ? ಬಿಸಿಲು, ಧೂಳು, ಪಕ್ಕದವರ ಕಳೆನಾಶಕ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಬಾಡಿದ್ದರೆ ಅರೇಬಿಕಾ ಕಾಫಿ ತೋಟದಲ್ಲಿ ಮೊದಲ ಅನುಮಾನ ಬೋರರ್ ಮೇಲೆ, ಅಂದರೆ ಕಾಂಡ ಕೊರೆಯುವ ಬಿಳಿ ಕಾಂಡಕೊರಕದ ಮೇಲೆ.

ಚೆನ್ನಾಗಿರುವ ಗಿಡವನ್ನೂ ನೋಡಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಅದೇ ತಾಕಿನ ಒಳ್ಳೆ ಗಿಡದ ಬುಡ, ಬೇರು, ಎಲೆ ನೋಡಿ, ಆಮೇಲೆ ಕೆಟ್ಟದ್ದನ್ನು ನೋಡಿ. ವ್ಯತ್ಯಾಸ ಎಲ್ಲಿದೆಯೋ ಅಲ್ಲಿಂದ ಹುಡುಕಲು ಶುರು ಮಾಡಿ.

ಗಿಡದ ಹತ್ತಿರ: ಬುಡ, ಕಾಂಡ, ಕೊಂಬೆ, ಕೊನೆಗೆ ಎಲೆ. ಬುಡದಲ್ಲಿ ನೀರು ನಿಲ್ಲುತ್ತದೆಯೇ, ತೊಗಟೆ ಕೊಳೆತಿದೆಯೇ, ಅಣಬೆ ಎದ್ದಿದೆಯೇ ನೋಡಿ. ಕೈಗುದ್ದಲಿಯಿಂದ ಮೆಲ್ಲಗೆ ಮಣ್ಣು ಬಿಡಿಸಿ ನವಿರು ಬೇರು ನೋಡಿ. ಬಿಳಿಯಾಗಿ ಗಟ್ಟಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ, ಹಿಡಿದೆಳೆದರೆ ಸಿಪ್ಪೆ ಜಾರಿ ಬಂದರೆ ಕೊಳೆತಿದೆ. ಗಂಟು ಗಂಟಾಗಿದ್ದರೆ ಬೇರಿನ ಜಂತುಹುಳು (ನೆಮಟೋಡ್). ಆಮೇಲೆ ಕಾಂಡ. ಎಲೆಗೆ ಬಂದಾಗ ಹಳೆ ಎಲೆಯಿಂದ ಶುರುವಾಗಿದೆಯೋ ಹೊಸ ಚಿಗುರಿನಿಂದಲೋ ನೋಡಿ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕೊರತೆ ಹಳೆ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಸತು, ಗಂಧಕದ ಕೊರತೆ ಹೊಸ ಎಲೆಯಲ್ಲಿ.

ನಾನು ಈ ಕ್ರಮ ಕಲಿತದ್ದು ಮರ್ಯಾದೆ ಕಳೆದುಕೊಂಡು. ಮೊದಲ ವರ್ಷ ಒಂದು ಅರೇಬಿಕಾ ತಾಕಿಗೆ ಕರೆದಿದ್ದರು. ಅಲ್ಲಲ್ಲಿ ಗಿಡ ಹಳದಿಯಾಗಿದ್ದವು. ಎಲೆ ನೋಡಿದೆ, ಸಾರಜನಕ ಕಮ್ಮಿ ಅಂದೆ, ಯೂರಿಯಾ ಬರೆದುಕೊಟ್ಟೆ. ಹೊರಡುವಾಗ ವಯಸ್ಸಾದ ಮೇಸ್ತ್ರಿ ಮೆಲ್ಲಗೆ ಕೇಳಿದರು, "ಸಾರ್, ಕಾಂಡ ಮುಟ್ಟಿ ನೋಡಿದ್ರಾ?" ನಾನು ಮುಟ್ಟಿರಲಿಲ್ಲ. ಅವರು ನನ್ನ ಕೈ ಹಿಡಿದು ಕಾಂಡದ ಮೇಲೆ ಆಡಿಸಿದರು. ಹೆಬ್ಬೆರಳಿಗೆ ತೊಗಟೆ ಕೆಳಗೆ ಹಗ್ಗ ಸುತ್ತಿದ ಹಾಗೆ ಉಬ್ಬು ಸಿಕ್ಕಿತು. ಚೂರಿಯಿಂದ ಕೆರೆದರೆ ಒಳಗೆ ಹುಡಿ ಗಟ್ಟಿಯಾಗಿ ತುಂಬಿದ ಸುರಂಗ. ನಾನು ಕೊಟ್ಟ ಚೀಟಿಯನ್ನು ನಾನೇ ವಾಪಸ್ ಕೇಳಿ ತೆಗೆದುಕೊಂಡೆ.

## ಹಂತ 5: ಕೈಗೆ ಕೂರಲೇಬೇಕಾದ ಎರಡು ಪರೀಕ್ಷೆ

### ಬಿಳಿ ಕಾಂಡಕೊರಕ

ಅರೇಬಿಕಾ ಇರುವ ಕಡೆ ನಿಮ್ಮನ್ನು ಅಳೆಯುವುದೇ ಇದರಲ್ಲಿ. ರೋಬಸ್ಟಾ ತೋಟದಲ್ಲಿ ಇದರ ಕಾಟ ಇಲ್ಲವೆನ್ನಬಹುದು.

ದುಂಬಿ ವರ್ಷಕ್ಕೆ ಎರಡು ಸಲ ಹೊರಬರುತ್ತದೆ: ಏಪ್ರಿಲ್–ಮೇ, ಮತ್ತೆ ಅಕ್ಟೋಬರ್–ಡಿಸೆಂಬರ್. ಹಾಗಾಗಿ ಗಿಡ ಪತ್ತೆ ಮಾಡುವ ಕೆಲಸ ಅದಕ್ಕೂ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮುಗಿಯಬೇಕು. ದುಂಬಿ ಹಾರಿಹೋದ ಮೇಲೆ ಗಿಡ ಕಿತ್ತರೆ ಕೂಲಿ ದಂಡ.

ಕ್ರಮ ಹೀಗೆ. ಒಬ್ಬರಿಗೆ ಒಂದು ಸಾಲು. ಹಳದಿ ಅಥವಾ ಬಾಡಿದ ಗಿಡ ಮಾತ್ರವಲ್ಲ, ಸಾಲಿನ ಪ್ರತಿ ಗಿಡದ ಕಾಂಡವನ್ನೂ ಬುಡದಿಂದ ಮೇಲಕ್ಕೆ ಕೈಯಾಡಿಸಿ ನೋಡಬೇಕು. ಉಬ್ಬು ಸಿಕ್ಕ ಗಿಡಕ್ಕೆ ಬಟ್ಟೆ ಕಟ್ಟಿ. ಮರಿಹುಳು ಮೊದಲು ಸುಮಾರು ಎರಡು ತಿಂಗಳು ತೊಗಟೆಯ ಕೆಳಗೇ ತಿನ್ನುತ್ತದೆ, ಆ ಉಬ್ಬು ಬರುವುದು ಅದರಿಂದ. ಆಮೇಲೆ ಒಳಗಿನ ಕಟ್ಟಿಗೆಗೆ ಇಳಿಯುತ್ತದೆ. ಅಲ್ಲಿಗೆ ಹೋದ ಹುಳುವನ್ನು ಹೊರಗಿನಿಂದ ಹೊಡೆಯುವ ಯಾವ ಔಷಧಿಯೂ ಮುಟ್ಟುವುದಿಲ್ಲ. ಆ ಗಿಡವನ್ನು ಬೇರುಸಮೇತ ಕಿತ್ತು ಸುಡಬೇಕು. ಸೌದೆಗೆ ಬೇಕೇ ಬೇಕು ಅಂದರೆ ಏಳರಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು. ಕಿತ್ತ ಗಿಡವನ್ನು ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಹಿಂದೆ ರಾಶಿ ಹಾಕಿಸಿ ಮರೆತುಬಿಡುವುದು ನಾನು ಜಾಸ್ತಿ ನೋಡಿದ ತಪ್ಪು. ಆ ರಾಶಿಯಿಂದಲೇ ದುಂಬಿ ಎದ್ದು ತೋಟಕ್ಕೆ ಹೋಗುತ್ತದೆ.

ಒಂದು ಎಚ್ಚರ. ಬುಡದಲ್ಲಿ ಕೆಂಪು ಕಾಳಿನಂಥ ಹಿಕ್ಕೆ ಬಿದ್ದಿದ್ದರೆ ಅದು ಕೆಂಪು ಕೊರಕ. ಬಿಳಿ ಕೊರಕ ಹುಡಿಯನ್ನು ಹೊರಗೆ ಚೆಲ್ಲುವುದಿಲ್ಲ, ಸುರಂಗದಲ್ಲೇ ತುಂಬಿಕೊಳ್ಳುತ್ತದೆ. ಹುಡಿ ಕಾಣಲಿಲ್ಲ ಅಂತ ಬೋರರ್ ಇಲ್ಲ ಅನ್ನಬೇಡಿ.

ಉಳಿದ ಗಿಡಕ್ಕೆ ದುಂಬಿ ಹಾರುವ ಮುಂಚೆ ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಗ್ಲೌಸ್‌ನಿಂದ ಉಜ್ಜಿಸಬಹುದು. ಮೊಟ್ಟೆ ಇಡುವುದು ಆ ಬಿರುಕುಗಳಲ್ಲೇ. ಮಚ್ಚಿನಿಂದ ಕೆರೆಸಬೇಡಿ, ಹಸಿ ತೊಗಟೆ ಗಾಯವಾಗುತ್ತದೆ. ಕಾಂಡಕ್ಕೆ ಸುಣ್ಣದ ನೀರು, 200 ಲೀಟರಿಗೆ 20 ಕೆಜಿ, ಹೊಡೆಸುವುದೂ ಉಂಟು. ಇಷ್ಟೆಲ್ಲ ಮಾಡಿಯೂ ನೆರಳು ಬೋಳು ಮಾಡಿದರೆ ಪ್ರಯೋಜನವಿಲ್ಲ. ಈ ದುಂಬಿಗೆ ಬಿಸಿಲು ಬೀಳುವ ಗಿಡವೇ ಇಷ್ಟ. ಬೋರರ್ ಜಾಸ್ತಿಯಾಗಿದೆ ಎಂದು ಕರೆದ ತೋಟದಲ್ಲಿ ಕತ್ತು ಎತ್ತಿ ಮೇಲೆ ನೋಡಿ. ಆಕಾಶ ಎಷ್ಟು ಕಾಣುತ್ತದೆ?

### ಮೆಣಸಿನ ಬಳ್ಳಿ: ಬೇಗ ಸೊರಗುವುದೋ, ನಿಧಾನವಾಗಿ ಸೊರಗುವುದೋ

ಎರಡಕ್ಕೂ ಜನ ಒಂದೇ ಔಷಧಿ ಹಾಕುತ್ತಾರೆ. ಅಲ್ಲೇ ಹೋಗುವುದು ದುಡ್ಡು.

ಶೀಘ್ರ ಸೊರಗು ರೋಗ ಮಳೆಗಾಲದ್ದು. ನೆಲದ ಹತ್ತಿರದ ಎಲೆಯಲ್ಲಿ ಕಪ್ಪು ಚುಕ್ಕೆ, ಅದರ ಅಂಚು ನೂಲು ಬಿಚ್ಚಿದ ಹಾಗೆ. ನೆಲದ ಮೇಲೆ ಹರಿದ ಎಳೆ ಬಳ್ಳಿಯ ತುದಿ ಕಪ್ಪಾಗುತ್ತದೆ. ಬುಡ ಕೊಳೆತರೆ ಎರಡು ಮೂರು ವಾರದಲ್ಲಿ ಎಲೆಯೆಲ್ಲ ಉದುರಿ ಬಳ್ಳಿ ಒಣಗುತ್ತದೆ. ನಿಧಾನ ಸೊರಗು ಬೇರೆ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ಹಳದಿ ಕಾಣುತ್ತದೆ, ಬೇಸಗೆಯಲ್ಲಿ ಜಾಸ್ತಿಯಾಗುತ್ತದೆ, ಮುಂದಿನ ಮಳೆಗೆ ಸ್ವಲ್ಪ ಚಿಗುರುತ್ತದೆ, ಮತ್ತೆ ಬಾಡುತ್ತದೆ. ಅಂಥದ್ದರ ಬೇರು ಬಿಡಿಸಿ ನೋಡಿ, ಜಂತುಹುಳುವಿನ ಗಂಟು ಸಿಗಬಹುದು.

ಬೇಗ ಸೊರಗುವುದಕ್ಕೆ ಮುಂಗಾರು ಹಿಡಿಯುವ ಹೊತ್ತಿಗೇ ಶೇ. 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ, ಮಾಡುವ ಕ್ರಮ ಹಂತ 7ರಲ್ಲಿದೆ) ಸಿಂಪಡಿಸಿ, ಬುಡಕ್ಕೆ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್ ಹುಯ್ಯಬೇಕು. ನೀರು ನಿಲ್ಲದಂತೆ ಚರಂಡಿ ಬಿಡಿಸಬೇಕು. ಬುಡದಲ್ಲಿ ನೀರು ನಿಂತಿದ್ದರೆ ಯಾವ ಔಷಧಿಯೂ ಕೈಹಿಡಿಯುವುದಿಲ್ಲ. ಇನ್ನೊಂದು ತಪ್ಪು: ರೋಗದ ಶಿಲೀಂಧ್ರವನ್ನು ಹತ್ತಿಕ್ಕಲು ಮಣ್ಣಿಗೆ ಟ್ರೈಕೋಡರ್ಮಾ ಹಾಕಿದ ವಾರದಲ್ಲೇ ಅದೇ ಬುಡಕ್ಕೆ ತಾಮ್ರದ ಔಷಧಿ ಹುಯ್ಯುವುದು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ? ದುಡ್ಡು ಕೊಟ್ಟು ತಂದದ್ದನ್ನು ನಾವೇ ಸಾಯಿಸಿದ ಹಾಗೆ.

## ಹಂತ 6: ಮಾದರಿ ತೆಗೆದು ಕಳಿಸುವುದು

ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ, ಮಾದರಿ ತೆಗೆಯಿರಿ. ಕಾಫಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಏಲಕ್ಕಿ, ಮೆಣಸಿಗೆ ಸಕಲೇಶಪುರದ ಏಲಕ್ಕಿ ಸಂಶೋಧನಾ ಕೇಂದ್ರ. ಉಳಿದದ್ದಕ್ಕೆ ಮೂಡಿಗೆರೆ ಮತ್ತು ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಗಳು. ಹೋಗುವ ಮುಂಚೆ ಫೋನ್ ಮಾಡಿ, ಯಾವ ಪರೀಕ್ಷೆ ಮಾಡುತ್ತಾರೆ ಅಂತ ಕೇಳಿಕೊಳ್ಳಿ.

ರೋಗದ ಮಾದರಿ: ಪೂರ್ತಿ ಸತ್ತ ಭಾಗ ತೆಗೆದುಕೊಂಡು ಹೋಗಬೇಡಿ. ಅದರಲ್ಲಿ ಕೊಳೆ ತಿನ್ನುವ ಬೇರೆ ಬೂಷ್ಟೇ ಸಿಗುವುದು. ಅರ್ಧ ಹಸಿರು ಅರ್ಧ ರೋಗ ಇರುವ ಅಂಚಿನ ಭಾಗ ಬೇಕು. ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ದಾರಿಯಲ್ಲೇ ಕೊಳೆಯುತ್ತದೆ. ಬೇರನ್ನು ಮಣ್ಣಿನ ಸಮೇತ ಬೇರೆ ಕವರಿನಲ್ಲಿ ಹಾಕಿ. ಶುಕ್ರವಾರ ಸಂಜೆ ಕಳಿಸಬೇಡಿ, ಸೋಮವಾರದವರೆಗೆ ಮೂಲೆಯಲ್ಲಿ ಬಿದ್ದಿರುತ್ತದೆ.

ಮಣ್ಣಿನ ಮಾದರಿ: ತಾಕಿನಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಹತ್ತು ಹದಿನೈದು ಕಡೆ ತೆಗೆಯಿರಿ. ಮೇಲಿನ ದರಗು ಸರಿಸಿ, ವಿ ಆಕಾರದಲ್ಲಿ ಒಂಬತ್ತು ಇಂಚು ಗುಂಡಿ ತೋಡಿ, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಪದರ ಕೆರೆಯಿರಿ. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆಜಿಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ. ಗಿಡದ ಬುಡ, ಚರಂಡಿ, ನೀರು ಇಂಗಲು ತೋಡಿದ ತೊಟ್ಟಿಲು ಗುಂಡಿ, ಗೊಬ್ಬರದ ರಾಶಿ ಇದ್ದ ಜಾಗ ಬೇಡ. ಸುಣ್ಣ ಅಥವಾ ಗೊಬ್ಬರ ಹಾಕಿ ಎರಡು ಮೂರು ತಿಂಗಳು ಕಳೆದಿರಬೇಕು. ಯೂರಿಯಾ ಚೀಲದ ಮೇಲೆ ಮಣ್ಣು ಒಣಗಿಸಿ ಕಳಿಸಿ, "ರಿಪೋರ್ಟ್ ಸರಿಯಿಲ್ಲ" ಎಂದವರನ್ನು ನೋಡಿದ್ದೇನೆ!

## ಹಂತ 7: ಬೋರ್ಡೋ ದ್ರಾವಣ ನಿಮ್ಮ ಕೈಯಲ್ಲೇ ಮಾಡಿ

ಮಲೆನಾಡಿನ ತೋಟದಲ್ಲಿ ಬೋರ್ಡೋ ಮಾಡಲು ಎಲ್ಲರಿಗೂ ಬರುತ್ತದೆ, ಸರಿಯಾಗಿ ಮಾಡುವವರು ಕಮ್ಮಿ. ಹೇಳಿ ಮಾಡಿಸುವ ಮುಂಚೆ ನೀವೇ ಕಲಸಿ ಕಲಿಯಿರಿ.

ಶೇ. 1ಕ್ಕೆ: 1 ಕೆಜಿ ಮೈಲುತುತ್ತ, 1 ಕೆಜಿ ಸುಟ್ಟ ಸುಣ್ಣ, 100 ಲೀಟರ್ ನೀರು. ಕಾಫಿ ಎಲೆಯ ತುಕ್ಕು ರೋಗಕ್ಕೆ ಶೇ. 0.5 ಸಾಕು, ಅಂದರೆ ಅದೇ ಅಳತೆಗೆ 200 ಲೀಟರ್ ನೀರು.

1. ಮೈಲುತುತ್ತವನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಳಿಬಿಡಿ. ಹಿಂದಿನ ರಾತ್ರಿಯೇ ಇಟ್ಟರೆ ಬೆಳಿಗ್ಗೆ ಕರಗಿರುತ್ತದೆ. ಕಬ್ಬಿಣದ ಡ್ರಮ್ ಬೇಡವೇ ಬೇಡ.
2. ಸುಣ್ಣಕ್ಕೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ, ಉಳಿದರ್ಧ ನೀರಿನಲ್ಲಿ ಕದಡಿ, ಸೋಸಿ. ಕಲ್ಲು ಉಳಿದರೆ ನಾಜಲ್ ಕಟ್ಟುತ್ತದೆ.
3. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಿರಿ, ಕೋಲಿನಿಂದ ತಿರುಗಿಸುತ್ತಿರಿ. ಸುಣ್ಣವನ್ನು ತುತ್ತಕ್ಕೆ ಹುಯ್ಯಬೇಡಿ.
4. ಉಜ್ಜಿದ ಕುಡುಗೋಲನ್ನು ಕೆಲವು ನಿಮಿಷ ಅದ್ದಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ.

ಆಕಾಶದ ನೀಲಿ ಬಂದಿರಬೇಕು. ಹಸಿರು ಛಾಯೆ ಬಂದರೆ ಎಚ್ಚರ. ಆವತ್ತೇ ಹೊಡೆದು ಮುಗಿಸಿ, ನಾಳೆಗೆ ಇಡಬೇಡಿ. ಹಳೆ ಸುಣ್ಣ ಗಾಳಿಗೆ ಸತ್ತುಹೋಗಿರುತ್ತದೆ, ಅಂಥದ್ದರಲ್ಲಿ ಮಾಡಿದ ಬೋರ್ಡೋ ಎಲೆ ಸುಡುತ್ತದೆ. ಕಾಫಿಯ ತುಕ್ಕು ರೋಗಕ್ಕೂ ಕೊಳೆ ರೋಗಕ್ಕೂ ಎಲೆಯ ಅಡಿಭಾಗಕ್ಕೆ ಬೀಳಬೇಕು. ಮೇಲಿಂದ ಮಳೆ ಸುರಿಸಿದ ಹಾಗೆ ಹೊಡೆದು ಬಂದರೆ ನೋಡಲು ನೀಲಿ ಕಾಣುತ್ತದೆ, ಅಷ್ಟೇ.

ಅಂಗಡಿಯ ಔಷಧಿ ಬರೆಯಬೇಕಾಗಿ ಬಂದರೆ ಡಬ್ಬದ ತ್ರಿಕೋನ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆ ಬೆಳೆಯ ಹೆಸರು ಲೇಬಲ್‌ನಲ್ಲಿ ಇರಬೇಕು.

## ಹಂತ 8: ಮರದ ಕೆಲಸ

ನೆರಳಿನ ಮರ ನೋಡಲು ಬಂದವರು ಮೊದಲು ಮೆಣಸಿನ ಬಳ್ಳಿ ಸರಿಸಿ ಕಾಂಡ ನೋಡಬೇಕು. ಬಳ್ಳಿ ಹಬ್ಬಿದ ಹಸಿರಿನೊಳಗೆ ಪೊಳ್ಳು ಮರ ಅಡಗಿರುತ್ತದೆ. ಬುಡದಲ್ಲಿ ಅಣಬೆ, ಒಂದು ಕಡೆ ಮಣ್ಣು ಬಿರಿದದ್ದು, ಈಚೆಗೆ ವಾಲಿದ್ದು, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಡೋಲಿನ ಸದ್ದು. ಇವುಗಳಲ್ಲಿ ಒಂದಿದ್ದರೂ ಯಾರನ್ನೂ ಮೇಲೆ ಹತ್ತಿಸಬೇಡಿ.

ಮರಗಸಿಯಲ್ಲಿ ದೊಡ್ಡ ಕೊಂಬೆಯನ್ನು ಒಂದೇ ಏಟಿಗೆ ಕಡಿಯಬಾರದು. ಕಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೊದಲ ಗಾಯ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಎರಡನೆಯದು, ಕೊಂಬೆ ಬೀಳುತ್ತದೆ. ಉಳಿದ ಮೋಟನ್ನು ಮೂರನೆಯ ಸಲ ಕೊಂಬೆಯ ಬುಡದ ಉಬ್ಬಿನ ಹೊರಗೆ ಗರಗಸದಿಂದ ತೆಗೆಯಿರಿ. ಆ ಉಬ್ಬಿನಿಂದಲೇ ಗಾಯ ಮುಚ್ಚಿಕೊಳ್ಳುವುದು, ಅದನ್ನು ನುಣ್ಣಗೆ ಸವರಬೇಡಿ. ಬೇಕಾದರೆ ಬೋರ್ಡೋ ಮುಲಾಮು ಹಚ್ಚಿ: 1 ಕೆಜಿ ತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಪೊಟರೆಗೆ ಸಿಮೆಂಟ್ ತುಂಬಿಸುವ ಹಳೆ ಚಾಳಿ ಬಿಡಿಸಿ, ಒಳಗೆ ನೀರು ನಿಂತು ಇನ್ನೂ ಕೊಳೆಯುತ್ತದೆ.

ಅಲ್ಯೂಮಿನಿಯಂ ಏಣಿ ಬಗ್ಗೆ ಜೋರಾಗಿಯೇ ಹೇಳುತ್ತೇನೆ. ಸಿಲ್ವರ್ ಓಕ್ ಪಕ್ಕ ವಿದ್ಯುತ್ ತಂತಿ ಹೋಗಿದ್ದರೆ ಆ ಏಣಿ ತೋಟದ ಆ ಭಾಗಕ್ಕೇ ಬರಬಾರದು. ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ ಏಣಿ ತಂತಿಗೆ ತಗುಲಿ ಜನ ಸತ್ತ ಸುದ್ದಿ ನಮ್ಮ ಕಡೆ ಹೊಸದಲ್ಲ. ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೇ ಕೆಲಸ.

ಮರ ಕಡಿಸಿ ಎಂದು ಬರೆದುಕೊಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ಅನುಮತಿ ವಿಚಾರಿಸಲು ಹೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ತೋಟದ ಮರಕ್ಕೂ ಅನ್ವಯಿಸುತ್ತದೆ.

## ಹಂತ 9: ಚೀಟಿ, ನೋಟ್‌ಬುಕ್, ದುಡ್ಡು

ಪ್ರತಿ ತೋಟಕ್ಕೂ ಒಂದು ನೋಟ್‌ಬುಕ್. ತಾರೀಖು, ತಾಕಿನ ಹೆಸರು, ಕಂಡದ್ದು, ನಿಮ್ಮ ಅನುಮಾನ, ಹೇಳಿದ್ದು, ಮತ್ತೆ ಬರುವ ದಿನ. ಕಂಡದ್ದನ್ನೂ ಅನುಮಾನವನ್ನೂ ಬೇರೆ ಬೇರೆ ಬರೆಯಿರಿ. "ಎಲೆ ಹಳದಿ, ಬೇರು ಕಪ್ಪು" ಅನ್ನುವುದು ಕಂಡದ್ದು. "ಬೇರು ಕೊಳೆ" ಅನ್ನುವುದು ಅನುಮಾನ. ಔಷಧಿ ಹೊಡೆಸುವಾಗ ಒಂದು ಸಾಲು ಹೊಡೆಸದೆ ಬಿಡಿ, ಬಟ್ಟೆ ಕಟ್ಟಿ. ಎರಡನೇ ಭೇಟಿಯಲ್ಲಿ ಔಷಧಿ ಕೆಲಸ ಮಾಡಿತೋ ಮಳೆ ಕೆಲಸ ಮಾಡಿತೋ ಅಲ್ಲೇ ಗೊತ್ತಾಗುತ್ತದೆ.

ದುಡ್ಡನ್ನು ಭೇಟಿ ಲೆಕ್ಕದಲ್ಲಿ ಅಥವಾ ವರ್ಷದ ಲೆಕ್ಕದಲ್ಲಿ ಮೊದಲೇ ಮಾತಾಡಿ. ವರ್ಷದ ಲೆಕ್ಕವಾದರೆ ಯಾವ ತಿಂಗಳು ಬರುತ್ತೀರಿ ಅಂತ ಹೇಳಿಬಿಡಿ: ಮಾರ್ಚ್ ಬೋರರ್, ಮೇ ಬೋರ್ಡೋ, ಆಗಸ್ಟ್ ಕೊಳೆ ಮತ್ತು ಸೊರಗು, ಸೆಪ್ಟೆಂಬರ್ ಮತ್ತೆ ಬೋರರ್, ಕೊಯ್ಲು ಮುಗಿದ ಮೇಲೆ ಕಾಯಿಕೊರಕಕ್ಕೆ ಉಳಿದ ಹಣ್ಣು ಆಯಿಸುವುದು. ಅಂಗಡಿಯವರು ಕಮಿಷನ್ ಕೊಡುತ್ತೇವೆ ಅಂತ ಬಂದೇ ಬರುತ್ತಾರೆ. ತೆಗೆದುಕೊಂಡರೆ ಆರು ತಿಂಗಳಲ್ಲಿ ಊರಿಗೇ ಗೊತ್ತಾಗುತ್ತದೆ. ಗೊಬ್ಬರದ ಅಂಗಡಿ ಕಟ್ಟೆ ಮೇಲೆ ಗುಟ್ಟು ನಿಲ್ಲುವುದಿಲ್ಲ.

## ಹಂತ 10: ನಿಲ್ಲಿಸಬೇಕಾದ ಸೂಚನೆಗಳು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಟವಿದೆ. ಬೆಳಿಗ್ಗೆ ಹೊರಡುವ ಮುಂಚೆ ತೋಟದ ರೈಟರ್‌ಗೆ ಫೋನ್ ಮಾಡಿ, ರಾತ್ರಿ ಎಲ್ಲಿ ಇತ್ತು ಅಂತ ಕೇಳಿ. ತಾಜಾ ಲದ್ದಿ, ಮುರಿದ ಬೈನೆ ಮರ ಕಂಡರೆ ವಾಪಸ್ ಬನ್ನಿ. ಒಂಟಿಯಾಗಿ ತಾಕಿನೊಳಗೆ ಹೋಗಬೇಡಿ.

ಮೂರು ಭೇಟಿಯಾದರೂ ಕಾರಣ ಸಿಗದಿದ್ದರೆ, ಅಥವಾ ಒಂದು ವಾರದಲ್ಲಿ ರೋಗ ದುಪ್ಪಟ್ಟಾದರೆ, ನಿಮ್ಮ ಹೆಸರು ಉಳಿಸಿಕೊಳ್ಳಲು ಇನ್ನೊಂದು ಔಷಧಿ ಬರೆಯಬೇಡಿ. ಮಾದರಿ ಹಿಡಿದು ಬಾಳೆಹೊನ್ನೂರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾಲೀಕರನ್ನೂ ಕರೆದುಕೊಂಡು ಹೋಗಿ.

ಸಿಂಪಡಣೆ ಮಾಡುವವರಲ್ಲಿ ಯಾರಿಗಾದರೂ ತಲೆಸುತ್ತು, ಬೆವರು, ವಾಂತಿ, ಕಣ್ಣು ಮಂಜು ಅಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, ಹಾಲು, ಮಜ್ಜಿಗೆ ಕುಡಿಸಲು ಹೋಗದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಔಷಧಿಯ ಡಬ್ಬ ಮರೆಯಬೇಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.